ನೀರು ಬಿಟ್ಟವರು

ಆ ಮನೆಯ ನಲ್ಲಿ ಬೆಳಗಾಗುವ ಮುಂಚೆ ಕೆಮ್ಮುತ್ತಿತ್ತು. ಮೊದಲು ಒಣ ಕೆಮ್ಮು, ಆಮೇಲೆ ನೂಲಿನಷ್ಟು ನೀರು, ಇನ್ನೊಂದಷ್ಟು ಹೊತ್ತು ಕಳೆದು ಕೊಡ ತುಂಬುವಂಥ ಧಾರೆ. ಹತ್ತು ವರ್ಷದ ಮೊಮ್ಮಗಳು ಚೋಟು, ಚಾಪೆಯ ಮೇಲಿಂದಲೇ "ಅಜ್ಜ ಕೆಮ್ಮಿದ್ರು!" ಎಂದು ಕೂಗುವಳು. ಅತ್ತೆ ಎದ್ದು, ನಿನ್ನೆ ಉಳಿದ ನೀರನ್ನು ಕೊಡಗಟ್ಟಲೆ ಮೆಟ್ಟಿಲ ಮೇಲೆ ಸುರಿದು ಹೊಸ ನೀರಿಗೆ ಪಾತ್ರೆ ಖಾಲಿ ಮಾಡುವರು. "ಅಯ್ಯೋ, ಒಳ್ಳೆ ನೀರು ಅತ್ತೆ" ಎಂದು ಸೊಸೆ ಎಷ್ಟು ಸಲ ಹೇಳಿದರೂ ಅಷ್ಟೆ. "ನಿನ್ನೆ ನೀರು ಯಾರಿಗೆ ಬೇಕು? ನಿಮ್ಮಪ್ಪ ದಿನಾ ಬಿಡ್ತಾರಲ್ಲ" ಎನ್ನುವರು.

ಮಾತು ತಮಾಷೆಯದಾದರೂ ಸುಳ್ಳಲ್ಲ. ಆ ಹಳೆಯ ಬೀದಿಗಳಿಗೆ ನೀರು ಬರುತ್ತಿದ್ದುದು ಬೆಟ್ಟಗಳ ನಡುವಿನ ಒಂದು ಕೆರೆಯಿಂದ. ಆ ಕೆರೆಯ ತೂಬಿನ ಚಕ್ರ ತಿರುಗಿಸುವ ನೀರುಗಂಟಿ ಸೊಸೆಯ ಅಪ್ಪ. ಆತ ಸಂಜೆ ಬಿಟ್ಟ ನೀರು ರಾತ್ರಿಯೆಲ್ಲ ಕಬ್ಬಿಣದ ಕೊಳವೆಯಲ್ಲಿ ನಡೆದು ಬೆಳಗಿನ ಹೊತ್ತಿಗೆ ಈ ಬೀದಿಗೆ ಬಂದು ಬೀಳುತ್ತಿತ್ತು. ಅದೇ ಮನುಷ್ಯರು ಇಲ್ಲಿಂದ ಅಲ್ಲಿಗೆ ಹೋಗಬೇಕೆಂದರೆ ಒಂದು ರೈಲು, ಎರಡು ಬಸ್ಸು, ಕೊನೆಗೆ ವಾರಕ್ಕೊಮ್ಮೆ ಇಲಾಖೆಯ ಸಾಮಾನು ಹೊತ್ತು ಬೆಟ್ಟ ಹತ್ತುವ ಜೀಪು. ಜೀಪು ತಪ್ಪಿದರೆ ಕೆಳಗಿನ ಊರಿನಲ್ಲಿ ವಾರ ಪೂರ್ತಿ ಕಾಯಬೇಕು. ನೀರಿಗೇನು, ಟಿಕೆಟ್ಟು ಬೇಕೇ, ರಜೆ ಬೇಕೇ!

ಹಾಗಾಗಿ ಸೊಸೆ ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಮೊದಲ ವರ್ಷ ಚೋಟುವಿಗೆ ದಡಾರ. ಎರಡನೆಯ ವರ್ಷ ಅತ್ತೆಯ ಕಣ್ಣಿನ ಆಪರೇಷನ್ನು. ಮೂರನೆಯ ವರ್ಷ ಗಂಡನ ಅಕ್ಕನ ಮಗಳ ಮದುವೆ, ಇದ್ದ ರಜೆಯೆಲ್ಲ ಅಲ್ಲಿ ಪಾತ್ರೆ ಎಣಿಸುವುದರಲ್ಲಿ ಮುಗಿಯಿತು. ಪ್ರತಿ ಸಲವೂ ಗಂಡ, "ನೀರು ಬರ್ತಿದೆಯಲ್ಲ, ಮಾವ ಗಟ್ಟಿಯಾಗಿದ್ದಾರೆ ಬಿಡು" ಎನ್ನುವನು. ಸೊಸೆಗೂ ಆ ಮಾತು ರೂಢಿಯಾಗಿಬಿಟ್ಟಿತ್ತು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ದಿನವೆಲ್ಲ ನಿಂತು, ಕಾಲು ಊದಿಸಿಕೊಂಡು ಮನೆಗೆ ಬಂದವಳು ಬೆಳಿಗ್ಗೆ ನಲ್ಲಿಯ ಕೆಮ್ಮು ಕೇಳಿ, ಸದ್ಯ, ಅಪ್ಪ ಇದ್ದಾನೆ ಎಂದುಕೊಂಡು ಮಗ್ಗುಲು ಬದಲಿಸುವಳು. ಅಷ್ಟರಲ್ಲೇ ತವರಿಗೆ ಹೋಗಿ ಬಂದ ಹಾಗಾಗುತ್ತಿತ್ತು.

ಬೆಟ್ಟದ ಮೇಲೆ ಫೋನು ಹತ್ತುತ್ತಿರಲಿಲ್ಲ. ಮೊದಲೆಲ್ಲ ಅಪ್ಪ ತಿಂಗಳಿಗೊಮ್ಮೆ ಜೀಪಿನಲ್ಲಿ ಅರ್ಧ ಬೆಟ್ಟ ಇಳಿದು, ಸಿಗ್ನಲ್ಲು ಸಿಗುವ ತಿರುವಿನಲ್ಲಿ ನಿಂತು ಮಾತಾಡುತ್ತಿದ್ದ. ಹೋದ ಚಳಿಗಾಲದಿಂದ ಆತನ ಬದಲು ಜೀಪಿನ ಡ್ರೈವರೇ ಫೋನು ಮಾಡುತ್ತಿದ್ದ. "ಎಲ್ಲಾ ಆರಾಮಂತೆ ತಂಗಿ. ಮಂಡಿನೋವಂತೆ, ಜೀಪು ಹತ್ತೋಕಾಗಲ್ಲವಂತೆ. ಅಷ್ಟೇ." ಮಂಡಿನೋವು ಯಾರಿಗಿಲ್ಲ? ಇವಳು ನಂಬಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ನಲ್ಲಿ ಕೆಮ್ಮಲಿಲ್ಲ.

ಅತ್ತೆ ಎಂದಿನಂತೆ ಹಳೆಯ ನೀರನ್ನೆಲ್ಲ ಸುರಿದು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ಬಿಸಿಲೇರಿದರೂ ಹನಿಯಿಲ್ಲ. "ಏನೇ, ನಿಮ್ಮಪ್ಪ ಇನ್ನೂ ಎದ್ದಿಲ್ವಾ?" ಎಂದು ನಕ್ಕರು. ಮರುದಿನವೂ ನೀರಿಲ್ಲ. ನಗು ಹೋಯಿತು.

"ಬೀದಿಯವರೆಲ್ಲ ನನ್ನ ಕೇಳ್ತಾರೆ, ನಿಮ್ಮ ಬೀಗರಿಗೆ ಏನು ಬಂತು ಅಂತ. ನಾನೇನು ಕೆರೆ ಸೆರಗಲ್ಲಿ ಕಟ್ಟಿಕೊಂಡಿದ್ದೀನಾ?" ಎಂದು ಅತ್ತೆ ಸಿಡುಕಿದರು.

"ಅದಕ್ಕೇ ನಿನ್ನೆ ನೀರು ಚೆಲ್ಲಬೇಡಿ ಅಂದಿದ್ದು."

"ಓಹೋ, ಈಗ ತಪ್ಪು ನಂದಾಯ್ತಾ?"

"ಇಬ್ಬರೂ ಸುಮ್ಮನಿರಿ" ಎಂದ ಗಂಡ, ಟ್ಯಾಂಕರಿನಿಂದ ಎರಡು ಬಕೆಟ್ಟು ಎಳೆದು ತಂದು ಏದುಸಿರು ಬಿಡುತ್ತ. ಲಿಫ್ಟು ರಿಪೇರಿ ಮಾಡುವವನು. ಜಗತ್ತನ್ನೆಲ್ಲ ಮೇಲೆ ಹತ್ತಿಸಿ, ತಾನು ಬಕೆಟ್ಟು ಹೊತ್ತು ಬರಬೇಕಾಯಿತಲ್ಲ ಎಂಬ ಸಿಟ್ಟು ಅವನಿಗೆ.

ಮೂರನೆಯ ಬೆಳಿಗ್ಗೆ ನೀರು ಬಂತು. ಬಂದದ್ದಲ್ಲ, ನುಗ್ಗಿತು. ಕೆಮ್ಮಿಲ್ಲ, ನೂಲಿಲ್ಲ, ಗೋಡೆಯೊಳಗೆ ಯಾರೋ ಗುದ್ದಿದ ಹಾಗೆ ಧಡ್ ಎಂದು ನಲ್ಲಿ ಅಲುಗಿತು. ಬೀದಿಯ ತುದಿಯಲ್ಲಿ ಕೊಳವೆಯ ಬೆಸುಗೆ ಒಡೆದು ನೀರು ಚಿಮ್ಮಿತು, ಮಕ್ಕಳೆಲ್ಲ ಅದರಲ್ಲಿ ಕುಣಿದರು. ಸೊಸೆ ಅಲುಗುವ ನಲ್ಲಿಯನ್ನು ಕೈಯಿಂದ ಹಿಡಿದು ನೋಡಿದಳು. ಅಪ್ಪ ಚಕ್ರವನ್ನು ಒಂದೇ ಏಟಿಗೆ ತಿರುಗಿಸುವವನೇ ಅಲ್ಲ. ಸ್ವಲ್ಪ ತಿರುಗಿಸಿ, ಒಂದು ಬೀಡಿ ಸೇದುವಷ್ಟು ಕಾದು, ಮತ್ತೆ ಸ್ವಲ್ಪ. ಕೊಳವೆಯಲ್ಲಿದ್ದ ಗಾಳಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಹಳೆಯ ಕಬ್ಬಿಣ ಸೀಳುತ್ತದೆ ಎಂದು ಅವಳ ಕೈ ಹಿಡಿದು ಕಲಿಸಿದ್ದ.

"ಇದು ಅಪ್ಪನ ಕೈಯಲ್ಲ" ಎಂದಳು.

ಮಾರನೆಯ ದಿನ ನಲ್ಲಿ ಮತ್ತೆ ಮೊದಲಿನಂತೆ ಕೆಮ್ಮಿತು. "ನೋಡು, ಕೆಮ್ಮಿತು. ಇನ್ನಾದರೂ ತಲೆ ಕೆಡಿಸ್ಕೋಬೇಡ" ಎಂದ ಗಂಡ.

"ಹಾಗಾದ್ರೆ ನಿನ್ನೆ ಯಾರು ಬಿಟ್ಟಿದ್ದು?"

ಗಂಡ ಅಂಗಿ ತೊಟ್ಟು ಕೆಲಸಕ್ಕೆ ಹೊರಟ. ಇವಳು ಡ್ರೈವರಿಗೆ ಫೋನು ಹಚ್ಚಿದರೆ ಅವನು ತಡವರಿಸಿದ. "ಎಲ್ಲಾ ಆರಾಮು ತಂಗಿ... ಆರಾಮೇ" ಎಂದು ಇಟ್ಟುಬಿಟ್ಟ.

ಅಲ್ಲಿಂದ ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಸೊಸೆ ಹೋಗಲೇಬೇಕು ಎನ್ನುವಳು. ಹೋಗುವುದಕ್ಕೆ ಎರಡು ದಿನ, ಬರುವುದಕ್ಕೆ ಎರಡು ದಿನ, ನಡುವೆ ಜೀಪಿನ ವಾರ. ಅಷ್ಟು ದಿನ ಅಡುಗೆ ಯಾರು ಮಾಡುವುದು, ಚೋಟುವಿನ ತಲೆ ಯಾರು ಬಾಚುವುದು, ಅತ್ತೆಯ ಕಣ್ಣಿಗೆ ಔಷಧಿ ಯಾರು ಬಿಡುವುದು?

"ನಾನೇನು ಕೈಲಾಗದವಳಾ? ಹೋಗ್ಲಿ ಬಿಡೋ" ಎಂದು ಅತ್ತೆ ಒಂದು ದಿನ. "ಅಷ್ಟು ದಿನ ನನ್ನ ಬಿಟ್ಟು ಹೋಗೋಳು ಇನ್ನೆಷ್ಟು ದಿನ ನೋಡ್ಕೊಂಡಾಳು" ಎಂದು ಇನ್ನೊಂದು ದಿನ. ಅನ್ನ ಆರುವುದರೊಳಗೆ ಮಾತು ಎಲ್ಲಿಂದೆಲ್ಲಿಗೋ ಹೋಗಿ, ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ನಡೆಯುವಳು. ಇಸ್ತ್ರಿ ಅಂಗಡಿಯ ಯಜಮಾನ ರಜೆ ಎಂದಾಗ ಮುಖ ಸಿಂಡರಿಸಿದ. "ಬಂದ ಮೇಲೆ ಜಾಗ ಇರುತ್ತೋ ಇಲ್ವೋ ಹೇಳೋಕಾಗಲ್ಲ" ಎಂದ. ಗಂಡ ಅದನ್ನೇ ಹಿಡಿದುಕೊಂಡ. "ಕೆಲಸ ಹೋದ್ರೆ?"

"ಹೋಗ್ಲಿ. ನಂಗಿರೋದು ಒಬ್ಬನೇ ಅಪ್ಪ."

ಕೊನೆಗೆ ಹೊರಟಳು. ಚೋಟು ತಾನೂ ಬರುತ್ತೇನೆಂದು ಅತ್ತು ಶಾಲೆಯ ಹೆಸರಿನಲ್ಲಿ ಉಳಿದಳು. ಹೊರಡುವ ಹೊತ್ತಿಗೆ ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಉಣ್ಣೆಯ ಶಾಲು ತೆಗೆದು ಚೀಲಕ್ಕೆ ತುರುಕಿದರು. "ಬೀಗಿತ್ತಿಗೆ ಕೊಡು. ಅಲ್ಲಿ ಚಳಿ ಅಂತೀಯಲ್ಲ. ಖಾಲಿ ಕೈಲಿ ಕಳಿಸಿದ್ರು ಅನ್ನಬಾರದು."

ಬೀಗಿತ್ತಿ, ಅಂದರೆ ಸೊಸೆಯ ಅಮ್ಮ, ಈ ಮನೆಗೆ ಬಂದಿದ್ದು ಒಂದೇ ಸಲ, ಚೋಟು ಹುಟ್ಟಿದಾಗ. ಮಗಳ ಬಾಣಂತನಕ್ಕೆಂದು ಬಂದವರು ನಾಲ್ಕನೆಯ ದಿನಕ್ಕೆ ಹೊರಟುಹೋಗಿದ್ದರು. ಇದ್ದುದು ಎರಡು ಕೋಣೆ. ಮುಂದಿನದರಲ್ಲಿ ಅತ್ತೆಯ ಮಂಚ, ಹಿಂದಿನದರಲ್ಲಿ ಒಲೆ, ಪಾತ್ರೆ, ಗಂಡ ಹೆಂಡಿರ ಹಾಸಿಗೆ. "ಕಾಲು ಚಾಚೋಕೂ ಜಾಗ ಇಲ್ಲ ಈ ಮನೇಲಿ" ಎಂದು ಅತ್ತೆ ಪಕ್ಕದ ಮನೆಯವಳ ಹತ್ತಿರ ಅಂದದ್ದು ಗೋಡೆಯ ಈಚೆಗೂ ಕೇಳಿಸಿತ್ತು. ಕೇಳಿಸಬೇಕೆಂದು ಅಂದದ್ದೋ ಅಲ್ಲವೋ, ಅತ್ತೆಗೇ ಗೊತ್ತು. ಅಮ್ಮ ಎದ್ದು ಸೀರೆ ಮಡಿಸಿದ್ದಳು.

ರೈಲಿನಲ್ಲಿ ಕೂರಲು ಜಾಗ ಸಿಕ್ಕಿದ್ದು ಅರ್ಧ ದಾರಿ ಕಳೆದ ಮೇಲೆ. ಮೊದಲನೆಯ ಬಸ್ಸು ಟೈರು ಪಂಕ್ಚರಾಗಿ ಬಯಲಿನಲ್ಲಿ ನಿಂತಿತು. ಎರಡನೆಯದರಲ್ಲಿ ಪಕ್ಕದ ಹೆಂಗಸು ತೊಡೆಯ ಮೇಲಿದ್ದ ಕೋಳಿಯನ್ನೂ ತನ್ನ ಸಂಸಾರದ ಗೋಳನ್ನೂ ಇವಳ ಮೇಲೆ ಹಾಕಿ ನಿದ್ದೆ ಹೋದಳು. ದಾರಿಯುದ್ದಕ್ಕೂ ರಸ್ತೆಯ ಪಕ್ಕದಲ್ಲಿ ಆ ಕಬ್ಬಿಣದ ಕೊಳವೆ ಒಮ್ಮೆ ಕಾಣುತ್ತ, ಒಮ್ಮೆ ಮಣ್ಣಿನೊಳಗೆ ಇಳಿಯುತ್ತ ಬಂತು. ಇದರೊಳಗಿನ ನೀರು ನಾನು ಬಿಟ್ಟು ಬಂದ ಮನೆಗೆ ಹೋಗುತ್ತಿದೆ, ನಾನು ಅದು ಹೊರಟಲ್ಲಿಗೆ ಹೋಗುತ್ತಿದ್ದೇನೆ ಎಂದುಕೊಂಡಳು. ಹಾಗೆಂದುಕೊಂಡು ಸಮಾಧಾನವೇನೂ ಆಗಲಿಲ್ಲ.

ಕೆಳಗಿನ ಊರಿನಲ್ಲಿ ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ ಏರಿಸುತ್ತಿದ್ದ ಜೀಪಿನ ಡ್ರೈವರು ಅವಳನ್ನು ಕಂಡು ಮೂಟೆಯನ್ನು ಅಲ್ಲೇ ಇಳಿಸಿದ.

"ನೀವಾ? ಹೇಳಿ ಬರಬಾರದಾ ತಂಗಿ?"

"ಹೇಳಿದ್ರೆ ಏನು ಮಾಡ್ತಿದ್ರಿ ಅಣ್ಣಾ? ಬೇಡ ಅಂತಿದ್ರಿ."

ಮಾತಿನ ಮಲ್ಲ ಅವನು. ಅವತ್ತು ಬೆಟ್ಟ ಹತ್ತುವವರೆಗೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಕೊನೆಯ ತಿರುವಿನಲ್ಲಿ ಮಾತ್ರ ಗೇರು ಬದಲಿಸುತ್ತ ಅಂದ: "ನನ್ನ ಬೈಬೇಡಿ. ನಿಮ್ಮಮ್ಮ ಆಣೆ ಹಾಕಿಸ್ಕೊಂಡಿದ್ರು."

ಕೆರೆಯ ದಂಡೆಯ ಮೇಲೆ ಇಲಾಖೆಯ ಆ ಒಂಟಿ ಮನೆ, ತಗಡಿನ ಛಾವಣಿ, ಪಕ್ಕದಲ್ಲೇ ತೂಬಿನ ಗೂಡು. ಅಮ್ಮ ಗೂಡಿನಿಂದ ಇಳಿದು ಬರುತ್ತಿದ್ದಳು. ಒಂದು ಭುಜ ಕೆಳಗಿಳಿದಿತ್ತು, ಮುಂಗೈಗೆ ಹಳೆಯ ಬಟ್ಟೆ ಸುತ್ತಿತ್ತು. ಮಗಳನ್ನು ನೋಡಿ ನಿಂತಳು. ಓಡಿ ಬರಲಿಲ್ಲ, ಅಳಲಿಲ್ಲ.

"ಯಾಕೆ ಬಂದೆ?" ಎಂದಳು.

ಒಳಗೆ ಅಪ್ಪ ಮಲಗಿದ್ದ. ಬಲಗೈ, ಬಲಗಾಲು ಅವನದಲ್ಲವೆಂಬಂತೆ ಹೊದಿಕೆಯ ಹೊರಗೆ ಬಿದ್ದಿದ್ದವು. ಬಾಯಿ ಒಂದು ಕಡೆ ಜಗ್ಗಿತ್ತು. ಮಗಳು ಕೈ ಹಿಡಿದುಕೊಂಡು ಅಪ್ಪಾ ಎಂದಳು. ಅವನು ನೋಡಿದ. ಗುರುತು ಸಿಕ್ಕಿತೋ ಇಲ್ಲವೋ, ಗಂಟಲಲ್ಲಿ ಏನೋ ಗುಳುಗುಳು ಅಂದಿತು. ಅವಳು ಹೊದಿಕೆಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಯಾವಾಗಿಂದ?"

"ಹೋದ ಚಳಿಗಾಲದಿಂದ. ಚಕ್ರದ ಹತ್ತಿರಾನೇ ಬಿದ್ದಿದ್ರು. ಡ್ರೈವರ್ರು ಕೆಳಗೆ ಕರ್ಕೊಂಡು ಹೋಗಿ ತೋರಿಸಿದ. ಇನ್ನು ಇಷ್ಟೇ ಅಂದ್ರು ಡಾಕ್ಟ್ರು."

"ಮತ್ತೆ ನೀರು?"

ಅಮ್ಮ ಒಲೆಗೆ ಕಟ್ಟಿಗೆ ತುರುಕಿದಳು. "ನಾನೇ ಬಿಡ್ತೀನಿ. ಇನ್ಯಾರಿದ್ದಾರೆ?"

ಆ ಚಕ್ರ ಗಂಡಸಿನ ರಟ್ಟೆಗೂ ಭಾರ. ಅದನ್ನು ಆ ಗೇಣುದ್ದದ ಅಮ್ಮ ಹಗ್ಗ ಬಿಗಿದು, ಎದೆ ಕೊಟ್ಟು ತಳ್ಳುತ್ತಿದ್ದಳು, ದಿನಾ ಸಂಜೆ. ಅಪ್ಪ ಮಲಗಿದಲ್ಲಿಂದಲೇ ನೀರಿನ ಸದ್ದು ಕೇಳುವನು. ಅವಸರ ಮಾಡಿದರೆ ಎಡಗೈಯಲ್ಲಿ ಲೋಟ ಹಿಡಿದು ಮಂಚದ ಸರಳಿಗೆ ಬಡಿಯುವನು. ಸರಿಯಾದರೆ ಲೋಟ ಸುಮ್ಮನಾಗುವುದು. ನೀರು ನಿಂತ ಆ ಎರಡು ದಿನ ಅಮ್ಮನ ಭುಜ ಜಾರಿತ್ತಂತೆ, ಕೈ ಎತ್ತಲು ಆಗಲೇ ಇಲ್ಲವಂತೆ. ಮೂರನೆಯ ದಿನ ಜೀಪು ಬಂದಾಗ ಡ್ರೈವರು ಭುಜ ಎಳೆದು ಕೂರಿಸಿ, ತಾನೇ ಚಕ್ರ ತಿರುಗಿಸಿದ್ದ.

"ಒರಟ. ಒಂದೇ ಸಲಕ್ಕೆ ಬಿಟ್ಟುಬಿಟ್ಟ" ಎಂದು ಅಮ್ಮ ಬೈದಳು. ಆಮೇಲೆ ಸ್ವಲ್ಪ ಅಳುಕುತ್ತ ಕೇಳಿದಳು: "ಅದೊಂದು ಬಿಟ್ರೆ ನೀರು ಚೆನ್ನಾಗಿ ಬರ್ತಿತ್ತಾ? ನಿಮ್ಮಪ್ಪ ಬಿಟ್ಟ ಹಾಗೇ ಇತ್ತಾ?"

"ಹಾಗೇ ಇತ್ತಮ್ಮ. ಅದಕ್ಕೇ..." ಅದಕ್ಕೇ ನಾನು ಬರಲಿಲ್ಲ ಎನ್ನುವುದು ಹೇಗೆ?

"ನೀನು ಯೋಚನೆ ಮಾಡಬಾರದು ಅಂತ ಹಾಗೇ ಬಿಡ್ತಿದ್ದೆ" ಎಂದಳು ಅಮ್ಮ. "ನೀರು ಸಿಕ್ರೆ ನಮ್ಮ ಸುದ್ದಿ ಸಿಕ್ಕಿದ ಹಾಗೆ ಅಂತಿದ್ಯಲ್ಲ."

"ನಂಗೆ ಹೇಳಬೇಕಿತ್ತು!"

"ಹೇಳಿದ್ರೆ ಏನು ಮಾಡ್ತಿದ್ದೆ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಮ್ಮ ನಿಜಕ್ಕೂ ಕೇಳಿದ್ದಳು, ಗಂಜಿ ಹಾಕಲೇ ಎಂದು ಕೇಳುವ ಹಾಗೆ.

ಜೀಪು ಮತ್ತೆ ಬರುವವರೆಗೆ ಅವಳು ಅಲ್ಲಿದ್ದಳು. ಅಪ್ಪನ ಮೈ ಒರೆಸಿದಳು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು, ಗಂಜಿಯನ್ನು ಚಮಚದಲ್ಲಿ ಕುಡಿಸಿದಳು. ಅರ್ಧ ಗಂಜಿ ಕುತ್ತಿಗೆಗೆ ಇಳಿಯುತ್ತಿತ್ತು. ಇಸ್ತ್ರಿ ಎತ್ತಿ ಎತ್ತಿ ಗಟ್ಟಿಯಾದ ಕೈಯಲ್ಲಿ ಚಕ್ರ ತಿರುಗಿಸಿದಳು. ಮೊದಲ ಸಂಜೆ ಲೋಟ ಬಡಿಯಿತು. "ನಿಧಾನ, ನಿಧಾನ, ಮೇಷ್ಟ್ರು ಬೈತಿದ್ದಾರೆ ನೋಡು" ಎಂದು ಅಮ್ಮ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ಶಾಲು ಕೊಟ್ಟಾಗ ಎರಡೂ ಕೈಯಲ್ಲಿ ತಡವಿ ನೋಡಿ, "ಒಳ್ಳೆಯವರು ಕಣೇ ನಿಮ್ಮತ್ತೆ" ಎಂದು ಅಪ್ಪನ ಕಾಲಿಗೆ ಹೊದಿಸಿದಳು.

"ನಡಿಯಮ್ಮ, ನಮ್ಮನೆಗೆ ಹೋಗೋಣ. ಇಬ್ಬರೂ ಬಂದುಬಿಡಿ" ಎಂದಳು ಮಗಳು ಕೊನೆಯ ದಿನ. ಹೇಳುವಾಗಲೇ ಅವಳ ದನಿ ಬಿದ್ದುಹೋಯಿತು.

"ಎಲ್ಲಿ ಮಲಗಿಸ್ತೀಯಾ? ಹೇಳು."

ಅತ್ತೆಯ ಮಂಚ, ಚೋಟುವಿನ ಚಾಪೆ, ಒಲೆ, ಹಾಸಿಗೆ. ಮಗಳು ಮನಸ್ಸಿನಲ್ಲೇ ಮಂಚವನ್ನು ಆ ಗೋಡೆಗೆ ಸರಿಸಿ ನೋಡಿದಳು, ಈ ಗೋಡೆಗೆ ಸರಿಸಿ ನೋಡಿದಳು. ಅಪ್ಪನ ಉದ್ದಕ್ಕೆ ಎಲ್ಲೂ ಜಾಗ ಸಿಗಲಿಲ್ಲ.

"ನಿಮ್ಮತ್ತೆ ಅವತ್ತು ಅಂದಿದ್ದು ಸುಳ್ಳಲ್ಲ ಬಿಡು. ಅವರ ಮೇಲೆ ಕೋಪ ಬೇಡ" ಎಂದಳು ಅಮ್ಮ. "ಇಲ್ಲಿ ಕೆಲಸ ಇದ್ರೆ ಮನೆ. ಅವರು ಮಲಗಿದ್ದಾರೆ ಅಂತ ಆಫೀಸಿಗೆ ಗೊತ್ತಾದ್ರೆ ಮಾರನೇ ದಿನ ಬೀಗ ಜಡೀತಾರೆ. ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡ. ಅಳಿಯಂದಿರ ಹತ್ರಾನೂ. ನಿಮ್ಮತ್ತೆ ಬಾಯಿಗೆ ಬಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಮಾತು ಕೊಡು."

ಕೊಟ್ಟಳು.

ಜೀಪು ಹಾರನ್ನು ಹೊಡೆದಾಗ ಅಪ್ಪ ಲೋಟ ಬಡಿಯತೊಡಗಿದ. ಹೋಗಬೇಡ ಎನ್ನುತ್ತಿದ್ದಾನೆಂದು ಮಗಳು ಬಾಗಿಲಿನಿಂದ ಓಡಿ ಬಂದಳು. ಅವನು ಅವಳತ್ತ ನೋಡಲೇ ಇಲ್ಲ. ಕಣ್ಣು ತೂಬಿನ ಕಡೆಯ ಗೋಡೆಯ ಮೇಲಿತ್ತು. "ಇನ್ನೂ ಹೊತ್ತಾಗಿಲ್ಲ ರೀ, ಬಿಡ್ತೀನಿ, ಬಿಡ್ತೀನಿ" ಎಂದು ಅಮ್ಮ ಅವನ ಎದೆ ಸವರಿದಳು. ಮಗಳು ಹಿಂತಿರುಗಿ ನೋಡದೆ ಜೀಪು ಹತ್ತಿದಳು.

ತಿರುವಿನಲ್ಲಿ ಫೋನು ತಾನಾಗಿಯೇ ಬಡಿದುಕೊಂಡಿತು. ಗಂಡ.

"ಹೇಗಿದ್ದಾರೆ? ಮಾವ ಗಟ್ಟಿಯಾಗಿದ್ದಾರಲ್ವಾ? ನಮ್ಮಮ್ಮ ಅಂತಿದ್ರು, ಮಗಳು ಬಂದ ಖುಷಿಗೆ ಈ ವಾರ ನೀರು ಜಾಸ್ತಿನೇ ಬಿಟ್ಟಿದ್ದಾರೆ ಅಂತ."

ಡ್ರೈವರು ಕಿಟಕಿಯಾಚೆ ನೋಡುತ್ತಿದ್ದ.

"ಹೂಂ. ಚೆನ್ನಾಗಿದ್ದಾರೆ" ಎಂದಳು.

ಮನೆ ಸೇರಿದಾಗ ಸಂಜೆ. ಚೋಟು ಕೊರಳಿಗೆ ಜೋತುಬಿದ್ದಳು. ಅತ್ತೆಯೇ ಅಡುಗೆ ಮಾಡಿಟ್ಟಿದ್ದರು, ಬೇಳೆಗೆ ಉಪ್ಪು ಹೆಚ್ಚಾಗಿತ್ತು. "ಬೀಗಿತ್ತಿಗೆ ಶಾಲು ಹಿಡಿಸ್ತಾ?" ಎಂದು ಕೇಳಿದರು. ಹಿಡಿಸಿತು ಎಂದಳು ಸೊಸೆ. ಇಸ್ತ್ರಿ ಅಂಗಡಿಯಲ್ಲಿ ಅವಳ ಮೇಜಿನ ಹತ್ತಿರ ಬೇರೊಬ್ಬಳು ನಿಂತಿದ್ದಾಳೆಂದು ಗಂಡ ತಟ್ಟೆ ನೋಡುತ್ತ ಹೇಳಿದ. ಅದಕ್ಕೂ ಹೂಂ ಎಂದಳು. ಇವಳೇಕೆ ಹೀಗೆ ಎಂದು ತಾಯಿ ಮಗ ಮುಖ ಮುಖ ನೋಡಿಕೊಂಡರು.

ಬೆಳಿಗ್ಗೆ ನಲ್ಲಿ ಕೆಮ್ಮಿತು. ಸ್ವಲ್ಪ ನಿಂತು ನೂಲಿನಷ್ಟು ನೀರು ಬಂತು. ಸೊಸೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಈಗ ಹಗ್ಗ ಬಿಗಿದಳು, ಈಗ ಎದೆ ಕೊಟ್ಟಳು, ಈಗ ಸುಧಾರಿಸಿಕೊಂಡಳು ಎಂದು ನಿನ್ನೆ ಸಂಜೆಯ ಅಮ್ಮ ಅವಳಿಗೆ ಕಾಣುತ್ತಿದ್ದಳು.

"ಅಜ್ಜ ಕೆಮ್ಮಿದ್ರು!" ಎಂದಳು ಚೋಟು.

ಅತ್ತೆ ಎದ್ದು ನಿನ್ನೆಯ ಕೊಡ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದು ಬಗ್ಗಿಸಿದರು. ಸೊಸೆ ಹಾಸಿಗೆಯಿಂದ ಹಾರಿ ಬಂದವಳೇ ಕೊಡದ ಕೊರಳು ಹಿಡಿದುಕೊಂಡಳು. ಅರ್ಧ ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

"ಚೆಲ್ಲಬೇಡಿ!"

"ಅಯ್ಯೋ, ಇದೇನೇ ಇದು? ನಿನ್ನೆ ನೀರು ಕಣೇ! ನಿಮ್ಮಪ್ಪ..."

"ಅಪ್ಪ ಅಲ್ಲ. ಅದು ನಮ್ಮಮ್ಮ ಬಿಟ್ಟಿದ್ದು."

ಮಾತು ಬಾಯಿಂದ ಹೊರಗೆ ಬಿದ್ದಿತ್ತು. ಅವಳು ಕೊಡ ಬಿಡಲಿಲ್ಲ. ಗಂಡ ಎದ್ದು ಬಂದು ಬಾಗಿಲಲ್ಲಿ ನಿಂತ. ಚೋಟು ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೇ ನೋಡಿದಳು.

"ನಿಮ್ಮಮ್ಮನಾ?" ಎಂದರು ಅತ್ತೆ. "ಹಾಗಾದ್ರೆ ನಿಮ್ಮಪ್ಪ?"

ಸೊಸೆ ಹೇಳಿದಳು. ನಿಂತಲ್ಲೇ, ಒದ್ದೆ ಕಾಲಿನಲ್ಲಿ, ಲಕ್ವದಿಂದ ಲೋಟದವರೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ಕೊಡವನ್ನು ಮೆಲ್ಲನೆ ಕೆಳಗಿಟ್ಟು ತಮ್ಮ ಮಂಚವನ್ನು ನೋಡಿದರು, ಒಲೆಯ ಕಡೆಗೆ ನೋಡಿದರು, ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸಿದರು. ಅವರು ಏನು ಅಳೆಯುತ್ತಿದ್ದಾರೆಂದು ಸೊಸೆಗೆ ಗೊತ್ತಿತ್ತು. ಅಳೆದು ಮುಗಿಸಿ ಮುಖ ಆಚೆ ತಿರುಗಿಸಿದರು. ಗಂಡನೂ ನೆಲ ನೋಡುತ್ತಿದ್ದ. ಜಾಗದ ಮಾತನ್ನು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಧಾರೆ ದಪ್ಪವಾಗಿ ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯತೊಡಗಿತು. ಸೊಸೆ ಹೋಗಿ ಅದನ್ನು ಸರಿಸಿ ಇನ್ನೊಂದನ್ನು ಇಟ್ಟಳು.